ಪಟ್ಟಿಯ ಒಳಗೆ, ಪಟ್ಟಿಯ ಹೊರಗೆ: ಡಿಚೋಲಿ ತಾಲ್ಲೂಕಿನ ಸಮುದಾಯಗಳು ಮತ್ತು ಶಿಕ್ಷಣದ ಅಂತರ

ಗೋವಾದಲ್ಲಿ ಪರಿಶಿಷ್ಟ ಪಂಗಡಗಳಿಗೆ ಸೇರಿದವರು 2001ರ ಜನಗಣತಿಯ ಪ್ರಕಾರ 566 ಮಂದಿ. 2011ರ ಜನಗಣತಿಯ ಪ್ರಕಾರ 1,49,275 ಮಂದಿ, ಅಂದರೆ ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು. ಆ ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಜನರಲ್ಲ, ಬದಲಾದದ್ದು ಪಟ್ಟಿ. ಗೋವಾ, ದಮಣ ಮತ್ತು ದೀವ್ ಒಂದೇ ಕೇಂದ್ರಾಡಳಿತ ಪ್ರದೇಶವಾಗಿದ್ದಾಗ, 1968ರಲ್ಲಿ ಹೊರಟ ಆದೇಶದಲ್ಲಿ ಧೋಡಿಯಾ, ದುಬ್ಲಾ, ನಾಯಕಡಾ, ಸಿದ್ದಿ, ವಾರ್ಲಿ ಎಂಬ ಐದು ಪಂಗಡಗಳಿದ್ದವು. ಇವುಗಳಲ್ಲಿ ಹೆಚ್ಚಿನವು ಗುಜರಾತಿನ ಅಂಚಿನ ದಮಣದ ಕಡೆಯವು. 1987ರಲ್ಲಿ ಗೋವಾ ಪ್ರತ್ಯೇಕ ರಾಜ್ಯವಾದಾಗ ಈ ಪಟ್ಟಿಯೇ ಅದರ ಪಾಲಿಗೆ ಬಂತು. ಗೋವಾದ ನೆಲದ ಮೂಲ ಒಕ್ಕಲುಗಳಾದ ಗಾವಡಾ, ಕುಣಬಿ, ವೇಳಿಪ ಸಮುದಾಯಗಳು ಪಟ್ಟಿ ಸೇರಿದ್ದು 2003ರ ಜನವರಿಯಲ್ಲಿ.

ಶಿಕ್ಷಣದ ಪ್ರಗತಿಯನ್ನು ಅಧ್ಯಯನ ಮಾಡುವವರಿಗೆ ಇದರಿಂದ ದೊಡ್ಡ ತೊಡಕು. 2001ರ ಮತ್ತು 2011ರ ಸಾಕ್ಷರತೆಯ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಗೋವಾದ ಬುಡಕಟ್ಟು ಜನರು ಇಷ್ಟು ಮುಂದೆ ಬಂದರೆಂದು ಹೇಳುವ ಕೋಷ್ಟಕಗಳು ಅಲ್ಲಲ್ಲಿ ಕಾಣುತ್ತವೆ. ಆದರೆ ಎರಡು ಅಂಕಿಗಳ ಹಿಂದಿರುವುದು ಒಂದೇ ಜನವಲ್ಲ. ಮೊದಲನೆಯದು ಬೆರಳೆಣಿಕೆಯ ಕುಟುಂಬಗಳ ಲೆಕ್ಕ, ಎರಡನೆಯದು ರಾಜ್ಯದ ಹತ್ತನೇ ಒಂದು ಪಾಲಿನ ಲೆಕ್ಕ. ಇವುಗಳ ನಡುವೆ ಗೆರೆ ಎಳೆದರೆ ಅದು ಪ್ರಗತಿಯ ಗೆರೆಯಾಗುವುದಿಲ್ಲ. ಸಮುದಾಯಗಳ ನಡುವಿನ ಶಿಕ್ಷಣದ ಅಂತರವನ್ನು ಅಳೆಯುವ ಮೊದಲು ಯಾರನ್ನು ಯಾವ ಹೆಸರಿನಲ್ಲಿ ಎಣಿಸಿದ್ದೇವೆ ಎಂದು ಕೇಳಬೇಕು ಎಂಬುದು ಈ ಲೇಖನದ ವಾದ. ಅದನ್ನು ಉತ್ತರ ಗೋವಾದ ಡಿಚೋಲಿ ತಾಲ್ಲೂಕನ್ನು ಮುಂದಿಟ್ಟುಕೊಂಡು ನೋಡುತ್ತೇನೆ. ಪಟ್ಟಿಯೊಳಗೆ ತಡವಾಗಿ ಬಂದವರು, ಬಾಗಿಲಲ್ಲೇ ನಿಂತವರು, ಪಟ್ಟಿಯನ್ನು ಘಟ್ಟದಾಚೆ ಬಿಟ್ಟುಬಂದ ಕನ್ನಡದ ಕಾರ್ಮಿಕರು, ಮೂವರೂ ಇಲ್ಲಿದ್ದಾರೆ.

ಹೊಸ ಗೆಲುವಿನ ನಾಡು

ಪೋರ್ಚುಗೀಸರು ತಿಸವಾಡಿ, ಬಾರ್ದೇಶ, ಸಾಸಷ್ಟಿಗಳನ್ನು ಹಿಡಿದದ್ದು ಹದಿನಾರನೇ ಶತಮಾನದಲ್ಲಿ. ಡಿಚೋಲಿ, ಸತ್ತರಿ, ಪೆಡಣೆ ಅವರ ಕೈಗೆ ಬಂದದ್ದು 1780ರ ದಶಕದಲ್ಲಿ, ಸಾವಂತವಾಡಿಯ ಭೋಸಲೆಯವರಿಂದ. ಮೊದಲಿನದು ಹಳೆಯ ಗೆಲುವು, ನಂತರದ್ದು ಹೊಸ ಗೆಲುವು ಎಂದು ಆಡಳಿತವೇ ಹೆಸರಿಟ್ಟಿತು. ಹಳೆಯ ಭಾಗದಲ್ಲಿ ಚರ್ಚಿಗೆ ಹೊಂದಿಕೊಂಡ ಶಾಲೆಗಳು ಓದು, ಪ್ರಾರ್ಥನೆ, ಸಂಗೀತ ಕಲಿಸಿದವು. ಪಣಜಿಯಲ್ಲಿ 1842ರಲ್ಲಿ ವೈದ್ಯಕೀಯ ಶಾಲೆ, 1854ರಲ್ಲಿ ಲಿಸಿಯಂ ಪ್ರೌಢಶಾಲೆ ಬಂದವು. ಡಿಚೋಲಿಯ ಬಹುಪಾಲು ಹಿಂದೂ ರೈತಾಪಿ ಜನರಿಗೆ ಇವು ದೂರದ ಸಂಸ್ಥೆಗಳು. ಇಲ್ಲಿ ಅಕ್ಷರ ಇದ್ದದ್ದು ದೇಶಮುಖ, ಕುಲಕರ್ಣಿ ಮನೆತನಗಳ ಲೆಕ್ಕಪತ್ರದಲ್ಲಿ, ದೇವಸ್ಥಾನಗಳ ವಹಿವಾಟಿನಲ್ಲಿ, ಮನೆಯ ಜಗಲಿಯ ಮೇಲಿನ ಮರಾಠಿ ಪಾಠದಲ್ಲಿ. ಗದ್ದೆ ಉಳುವವರ ಮಕ್ಕಳು ಆ ಜಗಲಿ ಹತ್ತಲಿಲ್ಲ.

ಇದೇ ತಾಲ್ಲೂಕಿನ ನಾರ್ವೆಯ ಸಪ್ತಕೋಟೀಶ್ವರ ಗೋವೆಯ ಕದಂಬರ ಕುಲದೇವರು. ಕದಂಬರ ಕಾಲದಿಂದಲೂ ಈ ನೆಲಕ್ಕೂ ಕನ್ನಡಕ್ಕೂ ನಂಟಿದೆ. ಇಂದು ಅದೇ ತಾಲ್ಲೂಕಿಗೆ ಕನ್ನಡ ಬರುತ್ತಿರುವುದು ಕೂಲಿಯವರ ಬಾಯಲ್ಲಿ. ಇತಿಹಾಸ ಬರೆಯುವಾಗ ನಾವು ಮೊದಲಿನದನ್ನು ಹೆಮ್ಮೆಯಿಂದ ನೆನೆಯುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಇದು ಸರಿಯಲ್ಲ.

ಮೈಸೂರು ಸಂಸ್ಥಾನದಲ್ಲಿ 1918ರಲ್ಲೇ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿ, ಯಾವ ಜಾತಿಯವರು ಶಾಲೆಯಲ್ಲೂ ಸರ್ಕಾರಿ ನೌಕರಿಯಲ್ಲೂ ಎಷ್ಟಿದ್ದಾರೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಗೋವಾದಲ್ಲಿ ಆ ಪ್ರಶ್ನೆ ಆಡಳಿತದ ಮೇಜಿಗೆ ಬಂದದ್ದು 1961ರ ಡಿಸೆಂಬರ್ 19ರ ವಿಮೋಚನೆಯ ನಂತರ. ಆಗ ಸಾಕ್ಷರತೆ ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿತ್ತು. 1963ರಲ್ಲಿ ಮುಖ್ಯಮಂತ್ರಿಯಾದ ದಯಾನಂದ ಬಾಂದೋಡಕರ್ ಬಹುಜನ ಸಮಾಜದ ಹೆಸರಿನಲ್ಲಿ ಗೆದ್ದವರು. ಹಳ್ಳಿಹಳ್ಳಿಗೆ ಸರ್ಕಾರಿ ಪ್ರಾಥಮಿಕ ಶಾಲೆ ತೆರೆದದ್ದು ಅವರ ಆಡಳಿತದ ಅತಿ ದೊಡ್ಡ ಕೆಲಸ. ಡಿಚೋಲಿಯಂಥ ತಾಲ್ಲೂಕಿನಲ್ಲಿ ನಡೆದು ಹೋಗುವಷ್ಟು ಹತ್ತಿರಕ್ಕೆ ಶಾಲೆ ಬಂದದ್ದು ಆಗಲೇ. ರಾಜ್ಯದ ಸಾಕ್ಷರತೆ 1991ರಲ್ಲಿ 75.51, 2001ರಲ್ಲಿ 82.01, 2011ರಲ್ಲಿ 88.70ಕ್ಕೆ ಏರಿತು. ಭಾರತದ ಮೇಲಿನ ಸಾಲಿನ ರಾಜ್ಯಗಳಲ್ಲಿ ಗೋವಾ ನಿಂತದ್ದು ಈ ಶಾಲೆಗಳ ಬಲದಿಂದ.

ಆದರೂ ಏರಿಕೆಯೊಳಗೇ ಅಂತರ ಉಳಿಯಿತು. 2011ರಲ್ಲಿ ಗೋವಾದ ಪರಿಶಿಷ್ಟ ಪಂಗಡಗಳ ಸಾಕ್ಷರತೆ 79.1, ಪರಿಶಿಷ್ಟ ಜಾತಿಗಳದು 83.7. ದೇಶದ ಎಲ್ಲ ಜನರ ಸಾಕ್ಷರತೆ ಆಗ ಸುಮಾರು 73. ಅಂದರೆ ಗೋವಾದ ಗಾವಡಾ ಕುಟುಂಬವೊಂದು ಭಾರತದ ಸರಾಸರಿಗಿಂತ ಮೇಲಿದೆ, ತನ್ನ ನೆರೆಯವರಿಗಿಂತ ಹತ್ತಿರಹತ್ತಿರ ಹತ್ತು ಅಂಶ ಕೆಳಗಿದೆ. ಹೆಣ್ಣುಮಕ್ಕಳಲ್ಲಿ ಈ ಅಂತರ ಇನ್ನೂ ಹೆಚ್ಚು. ಮಟ್ಟ ಬೇರೆ, ಅಂತರ ಬೇರೆ. ಕೆಲಸ ಕೇಳಲು ಹೋದ ಹುಡುಗ ಸ್ಪರ್ಧಿಸಬೇಕಾದದ್ದು ದೇಶದ ಸರಾಸರಿಯ ಜೊತೆಗಲ್ಲ, ಪಕ್ಕದ ಮನೆಯವನ ಜೊತೆಗೆ.

ಬಾಗಿಲಲ್ಲಿ ನಿಂತವರು

ಗಾವಡಾ, ಕುಣಬಿ, ವೇಳಿಪರ ಜೊತೆಗೇ ಧನಗರರ ಹೆಸರನ್ನೂ ಪರಿಶಿಷ್ಟ ಪಂಗಡದ ಪಟ್ಟಿಗೆ ಕೇಳಲಾಗಿತ್ತು. 2003ರಲ್ಲಿ ಮೂರು ಹೆಸರು ಸೇರಿದವು, ಧನಗರರದು ಸೇರಲಿಲ್ಲ. ಎಮ್ಮೆ ಸಾಕಿ, ಕಾಡಂಚಿನಲ್ಲಿ ಚದುರಿ ಬಾಳುವ ಈ ಗೌಳಿ ಜನರನ್ನು ಗೋವಾ ಇತರೆ ಹಿಂದುಳಿದ ವರ್ಗದಲ್ಲಿ ಇಟ್ಟಿದೆ. ಇದರ ಪರಿಣಾಮ ಅಂಕಿಯ ಮೇಲೂ ಆಗುತ್ತದೆ. ದೊಡ್ಡ ಹಿಂದುಳಿದ ವರ್ಗದ ಸರಾಸರಿಯಲ್ಲಿ ಸಣ್ಣ ಸಮುದಾಯದ ಅಂಕಿ ಕರಗಿಹೋಗುತ್ತದೆ. ಶಾಲೆಯಿಂದ ದೂರದ ವಾಡೆಯಲ್ಲಿರುವ ಧನಗರ ಹುಡುಗಿಯ ಕಷ್ಟವೂ ಪೇಟೆಯಲ್ಲಿ ಅಂಗಡಿ ಇಟ್ಟವರ ಮಗಳ ಅನುಕೂಲವೂ ಒಂದೇ ಸಾಲಿನಲ್ಲಿ ಕೂಡಿ ಭಾಗವಾಗುತ್ತವೆ.

ಅಮೆರಿಕದಲ್ಲಿ ಇದೇ ಬಗೆಯ ತೊಡಕನ್ನು ಒಂದಿಷ್ಟು ಬಿಡಿಸಿದ್ದಾರೆ. ಅಲ್ಲಿ ಬಹುಕಾಲ ಏಷ್ಯಾ ಮೂಲದವರನ್ನೂ ಪೆಸಿಫಿಕ್ ದ್ವೀಪದವರನ್ನೂ ಒಂದೇ ಗುಂಪಾಗಿ ಎಣಿಸುತ್ತಿದ್ದರು. 1997ರಲ್ಲಿ ಕೇಂದ್ರ ಸರ್ಕಾರ ಎರಡನ್ನೂ ಬೇರ್ಪಡಿಸಿತು, ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗ ಹೇಳಿಕೊಳ್ಳಲೂ ಅವಕಾಶ ಕೊಟ್ಟಿತು. ಹೀಗೆ ಬಿಡಿಸಿ ನೋಡಿದಾಗ, ಒಟ್ಟಾರೆ ಮುಂದಿದೆ ಎನಿಸುವ ಗುಂಪಿನೊಳಗೇ ಹಿಂದುಳಿದವರು ಕಾಣತೊಡಗುತ್ತಾರೆ.

ಘಟ್ಟ ಇಳಿದವರು

ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದರೆ ಸಾಖಳಿ, ಅಲ್ಲಿಂದ ಮುಂದೆ ಡಿಚೋಲಿ ಪೇಟೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿಗಳ ಒಣಬೇಸಾಯದ ಊರುಗಳಿಂದ ದುಡಿಯಲು ಬಂದವರಿಗೆ ಇದು ಪರಿಚಿತ ದಾರಿ. ಎರಡನೇ ಮಹಾಯುದ್ಧದ ನಂತರ ಗೋವಾದ ಕಬ್ಬಿಣದ ಅದಿರಿಗೆ, ಅದರಲ್ಲೂ ಜಪಾನಿನಿಂದ, ಬೇಡಿಕೆ ಹುಟ್ಟಿ ಡಿಚೋಲಿ, ಶಿರಗಾಂವ, ಪಾಳಿ ಸುತ್ತ ಗಣಿಗಳು ಬೆಳೆದವು. ಕೈಯಿಂದ ಅಗೆದು, ಆಯ್ದು, ಬುಟ್ಟಿಯಲ್ಲಿ ಹೊರುವ ಕಾಲದಲ್ಲಿ ಘಟ್ಟದ ಮೇಲಿನ ತೋಳುಗಳು ಬೇಕಾದವು. ಯಂತ್ರ ಬಂದ ಮೇಲೆ ಅವರಲ್ಲಿ ಅನೇಕರು ಕಲ್ಲು, ರಸ್ತೆ, ಮನೆ ಕಟ್ಟುವ ಕೆಲಸಕ್ಕೆ ಹೊರಳಿದರು. 2011ರ ಜನಗಣತಿಯಲ್ಲಿ ಗೋವಾದಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಹೇಳಿದವರು ಸುಮಾರು 68 ಸಾವಿರ. ಕೊಂಕಣಿ, ಮರಾಠಿ, ಹಿಂದಿಗಳ ನಂತರ ರಾಜ್ಯದ ನಾಲ್ಕನೇ ಭಾಷೆ ನಮ್ಮದು.

ಈ ಅಂಕಿಯೂ ಪೂರ್ತಿಯಲ್ಲ. ಹೀಗೆ ಬಂದವರಲ್ಲಿ ಲಮಾಣಿಗಳಿದ್ದಾರೆ, ವಡ್ಡರಿದ್ದಾರೆ. ಮನೆಯಲ್ಲಿ ಲಮಾಣಿ ಆಡುವ ತಾಯಿ ಗಣತಿದಾರರಿಗೆ ತನ್ನ ನುಡಿಯ ಹೆಸರನ್ನೇ ಹೇಳಿದರೆ, ಜನಗಣತಿಯ ಪದ್ಧತಿಯಂತೆ ಅದು ಹಿಂದಿಯ ಅಡಿಯಲ್ಲಿ ಸೇರುತ್ತದೆ. ಕನ್ನಡ ಎಂದರೆ ಕನ್ನಡಕ್ಕೆ ಸೇರುತ್ತದೆ. ಒಂದೇ ತಾಂಡಾದಿಂದ ಬಂದ ಅಕ್ಕ ತಂಗಿಯರು ಎರಡು ಭಾಷೆಗಳ ಲೆಕ್ಕದಲ್ಲಿ ಹಂಚಿಹೋಗಬಹುದು.

ಜಾತಿಯ ಲೆಕ್ಕದಲ್ಲಿ ಆಗುವುದು ಇದಕ್ಕಿಂತ ಗಂಭೀರ. ಕರ್ನಾಟಕದಲ್ಲಿ ಲಂಬಾಣಿ ಎಂದೂ ಕರೆಯುವ ಲಮಾಣಿಗಳು, ಭೋವಿ ಎಂದೂ ಕರೆಯುವ ವಡ್ಡರು ಪರಿಶಿಷ್ಟ ಜಾತಿಗಳು. 2025ರಲ್ಲಿ ನಾಗಮೋಹನ್ ದಾಸ್ ಆಯೋಗದ ವರದಿಯ ನಂತರ ಸರ್ಕಾರ ಒಳಮೀಸಲಾತಿ ಹಂಚಿದಾಗ, ಈ ಎರಡು ಸಮುದಾಯಗಳ ಪಾಲು ಎಷ್ಟಿರಬೇಕು ಎಂಬುದೇ ದೊಡ್ಡ ವಾಗ್ವಾದವಾಯಿತು. ಚೋರ್ಲಾ ಇಳಿದರೆ ಆ ವಾಗ್ವಾದಕ್ಕೆ ಅರ್ಥವೇ ಇಲ್ಲ. ಗೋವಾದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವುದು ಭಂಗಿ, ಚಾಂಭಾರ, ಮಹಾರ, ಮಹ್ಯಾವಂಶಿ, ಮಾಂಗ ಎಂಬ ಐದು ಹೆಸರುಗಳು. ಲಮಾಣಿ ಅಲ್ಲಿಲ್ಲ, ಭೋವಿ ಅಲ್ಲಿಲ್ಲ.

ಇದಕ್ಕೆ ಕಾನೂನಿನ ಆಧಾರ ಗಟ್ಟಿಯಾಗಿದೆ. ಸಂವಿಧಾನದ 341 ಮತ್ತು 342ನೇ ವಿಧಿಗಳು ಪಟ್ಟಿಯನ್ನು ರಾಜ್ಯವಾರು ಮಾಡಿವೆ. 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು ಮುಂಬಯಿಯ ಮೆಡಿಕಲ್ ಸೀಟಿಗೆ ಅದೇ ಹಕ್ಕು ಕೇಳುವಂತಿಲ್ಲ ಎಂದಿತು. 2018ರ ಬೀರ್ ಸಿಂಗ್ ಪ್ರಕರಣ ಇದನ್ನು ದೃಢಪಡಿಸಿತು. ಒಂದು ಸಮುದಾಯ ಹಿಂದುಳಿದದ್ದು ಆಯಾ ನೆಲದ ಸಾಮಾಜಿಕ ಸ್ಥಿತಿಯಿಂದ, ಹೊರಗಿನವರಿಗೆ ಪಾಲು ಕೊಟ್ಟರೆ ಅಲ್ಲಿಯ ದುರ್ಬಲರಿಗೆ ಅನ್ಯಾಯ ಎಂಬುದು ತರ್ಕ. ಗೋವಾದ ಮಹಾರ ಹುಡುಗನ ಸೀಟು ಕಡಿಮೆಯಾಗಬಾರದೆಂಬ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಲಮಾಣಿ ಹುಡುಗಿಯ ಮನೆಯಲ್ಲಿ ಅಕ್ಷರವಿಲ್ಲದಿರುವುದು ಘಟ್ಟದ ಮೇಲೇ ಉಳಿಯುವುದಿಲ್ಲ, ಅವಳ ಜೊತೆಗೇ ಬಸ್ಸು ಹತ್ತುತ್ತದೆ. ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಮಗುವಿನ ಕಲಿಕೆಯನ್ನು ಹೆಚ್ಚು ನಿರ್ಧರಿಸುತ್ತದೆ ಎಂದು ಅಮೆರಿಕದಲ್ಲಿ ಕೋಲ್ಮನ್ ವರದಿ 1966ರಲ್ಲೇ ಹೇಳಿತ್ತು. ಆ ಮಾತನ್ನು ಪೂರ್ತಿ ಒಪ್ಪದವರೂ ಹಿನ್ನೆಲೆಯ ತೂಕವನ್ನು ಅಲ್ಲಗಳೆಯುವುದಿಲ್ಲ. ಸೀಟು ಹಂಚುವುದು ಒಂದು ಮಾತು, ಎಣಿಸುವುದು ಇನ್ನೊಂದು. ಮೀಸಲಾತಿ ಕೊಡಲಾಗದ ಮಗುವಿನ ಕಲಿಕೆಯ ಸ್ಥಿತಿಯನ್ನಾದರೂ ದಾಖಲಿಸಲು ಯಾವ ತೀರ್ಪೂ ಅಡ್ಡ ಬರುವುದಿಲ್ಲ.

ಆರು ನುಡಿಗಳ ಮೆಟ್ಟಿಲು

ಶಾಲೆಯೊಳಗೆ ಏನಾಗುತ್ತದೆ ಎಂಬುದನ್ನು ನೋಡಲು ಗೋವಾದ ಭಾಷಾನೀತಿಯನ್ನು ನೆನೆಯಬೇಕು. 1987ರ ರಾಜಭಾಷಾ ಕಾಯಿದೆ ದೇವನಾಗರಿ ಕೊಂಕಣಿಯನ್ನು ರಾಜಭಾಷೆ ಮಾಡಿತು, ಮರಾಠಿಗೂ ಸ್ಥಾನ ಉಳಿಸಿತು. 1990ರಲ್ಲಿ ಶಶಿಕಲಾ ಕಾಕೋಡಕರ್ ಶಿಕ್ಷಣ ಸಚಿವೆಯಾಗಿದ್ದಾಗ, ಪ್ರಾದೇಶಿಕ ಭಾಷೆಯಲ್ಲಿ ಕಲಿಸುವ ಪ್ರಾಥಮಿಕ ಶಾಲೆಗಷ್ಟೇ ಅನುದಾನ ಎಂಬ ನಿಯಮ ಬಂತು. 2011ರಲ್ಲಿ ದಿಗಂಬರ ಕಾಮತ್ ಸರ್ಕಾರ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನದ ಬಾಗಿಲು ತೆರೆಯಿತು. ಅದರ ವಿರುದ್ಧ ಚಳವಳಿ ನಡೆಯಿತು. ಕೊಂಕಣಿಯೋ ಮರಾಠಿಯೋ ಇಂಗ್ಲಿಷೋ ಎಂಬ ಈ ದೀರ್ಘ ಜಗಳದಲ್ಲಿ ಕನ್ನಡದ ಮಗುವಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಡಿಚೋಲಿಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವು ಮರಾಠಿಯವು. ಸ್ಥಳೀಯ ಕುಟುಂಬಗಳು ಖಾಸಗಿ, ಅನುದಾನಿತ ಶಾಲೆಗಳ ಕಡೆಗೆ ಸರಿದಂತೆ, ಗೋವಾದ ಹಲವು ಊರುಗಳ ಸರ್ಕಾರಿ ಶಾಲೆಗಳು ಮುಚ್ಚದೆ ಉಳಿದಿರುವುದು ವಲಸಿಗರ ಮಕ್ಕಳಿಂದ. ಲಮಾಣಿ ಮಗುವಿಗೆ ಮನೆಯಲ್ಲಿ ಗೋರ್ ಬೋಲಿ ಎನ್ನುವ ಲಮಾಣಿ ನುಡಿ, ನೆರೆಯವರೊಡನೆ ಉತ್ತರ ಕರ್ನಾಟಕದ ಕನ್ನಡ, ಬೀದಿಯಲ್ಲಿ ಕೊಂಕಣಿ ಮತ್ತು ಹಿಂದಿ, ಒಂದನೇ ತರಗತಿಯಲ್ಲಿ ಮರಾಠಿ. ಐದನೇ ತರಗತಿಗೆ ಹೋದರೆ ಪಾಠದ ಮಾಧ್ಯಮ ಇಂಗ್ಲಿಷ್. ಮರಾಠಿಯಲ್ಲಿ ಓದು ಹತ್ತುವ ಹೊತ್ತಿಗೆ ಮಾಧ್ಯಮವೇ ಬದಲಾಗುತ್ತದೆ. ಮನೆಯಲ್ಲಿ ಓದಿದ ತಂದೆಯಿರುವ ಮಗು ಈ ಮೆಟ್ಟಿಲನ್ನು ದಾಟುತ್ತದೆ, ಟ್ಯೂಷನ್ ಹಾಕಿಸಬಲ್ಲವರ ಮಗುವೂ ದಾಟುತ್ತದೆ. ಉಳಿದ ಮಕ್ಕಳಿಗೆ ಐದರಿಂದ ಎಂಟನೇ ತರಗತಿಯ ನಡುವಿನ ಕಾಲವೇ ಶಾಲೆ ಕೈಬಿಡುವ ಕಾಲ. ಹುಡುಗ ಕೆಲಸಕ್ಕೆ ಹೋಗುತ್ತಾನೆ, ಹುಡುಗಿ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾಳೆ ಅಥವಾ ಮದುವೆಗೆಂದು ಊರಿಗೆ ಹೋಗುತ್ತಾಳೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಲಭ್ಯ ಕೊಡಲು ಹೇಳುತ್ತದೆ. ವಾಸ್ಕೊ ಕಡೆ ಕನ್ನಡಿಗರು ಒತ್ತಾಗಿ ನೆಲೆಸಿರುವುದರಿಂದ ಕನ್ನಡ ಶಾಲೆಯ ಮಾತಿಗೆ ನೆಲೆಯಿದೆ. ಡಿಚೋಲಿಯಲ್ಲಿ ಕುಟುಂಬಗಳು ಚದುರಿವೆ. ಪ್ರತ್ಯೇಕ ಕನ್ನಡ ಶಾಲೆ ಇಲ್ಲಿ ಪರಿಹಾರವಲ್ಲ ಎಂದೇ ನನ್ನ ಅಭಿಪ್ರಾಯ, ಕನ್ನಡಾಭಿಮಾನಿಗಳಿಗೆ ಇದು ರುಚಿಸದಿರಬಹುದು. ಗೋವಾದಲ್ಲೇ ಬದುಕು ಕಟ್ಟಿಕೊಳ್ಳುವ ಮಗುವಿಗೆ ಕೊಂಕಣಿ, ಮರಾಠಿ ಬೇಕೇ ಬೇಕು. ಇರುವ ಶಾಲೆಯಲ್ಲೇ ಮೊದಲ ಎರಡು ವರ್ಷ ಮಗುವಿನ ನುಡಿ ಬಲ್ಲ ಒಬ್ಬ ಸಹಾಯಕಿ ಇದ್ದರೆ, ಐದನೇ ತರಗತಿಯ ಹೊಸ್ತಿಲಲ್ಲಿ ಇಂಗ್ಲಿಷಿಗೆ ಒಂದು ವರ್ಷದ ತಯಾರಿ ಇದ್ದರೆ, ಆಗುವ ಉಪಕಾರ ಹೆಚ್ಚು. ಅಂಥ ಸಹಾಯಕಿಯನ್ನು ಅದೇ ಬಿಡಾರಗಳ ಓದಿದ ಹೆಣ್ಣುಮಕ್ಕಳಲ್ಲಿ ಹುಡುಕಬಹುದು.

ಗಣಿ ನಿಂತಾಗ

2012ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಗಣಿಗಾರಿಕೆ ತಡೆಹಿಡಿಯಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಕೆಲಕಾಲ ಮತ್ತೆ ನಡೆದು, 2018ರ ಫೆಬ್ರವರಿ 7ರ ತೀರ್ಪಿನಲ್ಲಿ 88 ಗುತ್ತಿಗೆಗಳ ನವೀಕರಣ ರದ್ದಾಗಿ ಮಾರ್ಚಿನಲ್ಲಿ ಪುನಃ ನಿಂತಿತು. ಟ್ರಕ್ಕಿನ ಸಾಲ ತೀರಿಸಬೇಕಾಗಿದ್ದ ಸ್ಥಳೀಯರಿಗೂ ಪೆಟ್ಟು ಬಿತ್ತು. ಅವರ ಪರವಾಗಿ ಪರಿಹಾರ ಯೋಜನೆಗಳ ಮಾತಾಯಿತು, ಏಕೆಂದರೆ ಅವರ ಹೆಸರು ದಾಖಲೆಯಲ್ಲಿತ್ತು. ದಿನಗೂಲಿಯ ವಲಸಿಗ ಕುಟುಂಬ ಕೆಲಸವಿದ್ದ ಕಡೆಗೆ ಹೊರಟಿತು, ಮಗುವಿನ ಶಾಲೆ ಅಲ್ಲಿಗೆ ತುಂಡಾಯಿತು. ಶಿಕ್ಷಣ ಹಕ್ಕು ಕಾಯಿದೆ ಇಂಥ ಮಗುವಿಗೆಂದೇ ಬರೆದಂತಿದೆ. ಬೇರೆ ರಾಜ್ಯದ ಶಾಲೆಗೂ ವರ್ಗಾವಣೆ ಕೇಳುವ ಹಕ್ಕಿದೆ, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಆದರೆ ಎರಡು ರಾಜ್ಯಗಳ ಶಿಕ್ಷಣ ಇಲಾಖೆಗಳು ಒಬ್ಬರ ಮಗುವನ್ನು ಇನ್ನೊಬ್ಬರು ಗುರುತಿಸದಿದ್ದರೆ, ಗೋವಾದ ಪುಸ್ತಕದಲ್ಲಿ ಅದು ಶಾಲೆ ಬಿಟ್ಟ ಮಗು, ಕರ್ನಾಟಕದ ಪುಸ್ತಕದಲ್ಲಿ ಹೊಸದಾಗಿ ಸೇರಿದ ಮಗು.

2027ರ ಜನಗಣತಿಯಲ್ಲಿ ಜಾತಿಯನ್ನೂ ದಾಖಲಿಸಲು ಕೇಂದ್ರ ಸರ್ಕಾರ ತೀರ್ಮಾನಿಸಿದೆ. ಗೋವಾದ ಪರಿಶಿಷ್ಟ ಪಟ್ಟಿಯಲ್ಲಿಲ್ಲದ ಲಮಾಣಿ, ಭೋವಿ ಕುಟುಂಬಗಳಿಗೆ ಆ ರಾಜ್ಯದ ಲೆಕ್ಕದಲ್ಲಿ ತಮ್ಮ ಜಾತಿಯ ಹೆಸರನ್ನು ಬರೆಯಿಸಲು ಇದರಿಂದ ಅವಕಾಶ ಸಿಗುತ್ತದೆ. ಸಂಶೋಧಕರು ಈಗಲೇ ಕೇಳಬೇಕಾದದ್ದು, ಜಾತಿ, ತಾಯ್ನುಡಿ, ಹುಟ್ಟಿದ ಊರು, ಓದಿದ ತರಗತಿ ಈ ನಾಲ್ಕನ್ನೂ ಒಟ್ಟಿಗೆ ತೋರಿಸುವ ತಾಲ್ಲೂಕುವಾರು ಕೋಷ್ಟಕಗಳನ್ನು. ಲಮಾಣಿ ನುಡಿಯನ್ನು ಹಿಂದಿಯೊಳಗೆ ಕೂಡಿಸದೆ ಬೇರೆಯಾಗಿಯೇ ಪ್ರಕಟಿಸಬೇಕೆಂದೂ ಕೇಳಬೇಕು. ಗಣತಿದಾರರ ತರಬೇತಿ ಮುಗಿಯುವ ಮೊದಲೇ ಗೋವಾದ ಕನ್ನಡ ಸಂಘಗಳು ಡಿಚೋಲಿ, ಸಾಖಳಿಗಳ ಬಿಡಾರಗಳಿಗೆ ಹೋಗಿ, ನಿಮ್ಮ ಮನೆಯ ನುಡಿ ಯಾವುದೋ ಅದನ್ನೇ ಹೇಳಿ, ನಿಮ್ಮ ಜಾತಿಯ ಹೆಸರನ್ನು ಬಿಡಬೇಡಿ ಎಂದು ತಿಳಿಸಬೇಕಾಗಿದೆ.