ಮದ್ದು ಸಿಕ್ಕಿತು, ಮಾತ್ರೆ ಮುಗಿಸುವವರು ಯಾರು?

ಬಳ್ಳಾರಿಯ ಕಂಟೋನ್ಮೆಂಟ್ ಎಂದರೆ ಹೊರಗಿನವರಿಗೆ ನೆನಪಾಗುವುದು ರೈಲು ನಿಲ್ದಾಣ. ಚರಿತ್ರೆ ಓದಿದವರಿಗೆ ಬ್ರಿಟಿಷರ ದಂಡು. ನಿಜಾಮನಿಂದ 1800ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿದ ‘ದತ್ತ ಮಂಡಲ’ದ ಪ್ರಮುಖ ಸೇನಾ ನೆಲೆಗಳಲ್ಲಿ ಬಳ್ಳಾರಿಯೂ ಒಂದು. ಆದರೆ ಸಿರುಗುಪ್ಪ, ಕುರುಗೋಡು ಕಡೆಯ ಅನೇಕ ಕುಟುಂಬಗಳಿಗೆ ಕಂಟೋನ್ಮೆಂಟ್ ಎಂದರೆ ವೆಲ್ಲೆಸ್ಲಿ ಕ್ಷಯರೋಗ ಆಸ್ಪತ್ರೆ.

‘ಸ್ಯಾನಟೋರಿಯಂ’ ಎಂಬ ಮಾತು ಇಂದಿನ ಕಿರಿಯರಿಗೆ ಅಪರಿಚಿತ. ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ರೋಗಿಯನ್ನು ಊರಾಚೆ ಇರಿಸಿ ಶುದ್ಧ ಗಾಳಿ, ವಿಶ್ರಾಂತಿ, ಹಾಲು-ಮೊಟ್ಟೆಗಳಂತಹ ಪೌಷ್ಟಿಕ ಆಹಾರ ಕೊಡುವುದೇ ಚಿಕಿತ್ಸೆಯಾಗಿತ್ತು. ಅಂದಿನ ಮದರಾಸು ಪ್ರಾಂತ್ಯದ ಮದನಪಲ್ಲಿಯಲ್ಲಿ 1915ರಲ್ಲಿ ಇಂತಹ ಆರೋಗ್ಯಧಾಮ ಆರಂಭವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕ್ಷಯರೋಗ ಆಸ್ಪತ್ರೆ ಕಟ್ಟಲಾಯಿತು. ಈ ರೋಗ ಅರಮನೆ, ಗುಡಿಸಲು ಎಂಬ ಭೇದ ಮಾಡಿರಲಿಲ್ಲ. ಆದರೆ ತಿಂಗಳುಗಟ್ಟಲೆ ದುಡಿಮೆ ಬಿಟ್ಟು ಮಲಗುವುದು ಬಡವನಿಗೆ ಸಾಧ್ಯವಿರಲಿಲ್ಲ.

ಮೊದಲ ಮದ್ದು, ಮೊದಲ ಪಾಠ

1943ರಲ್ಲಿ ಅಮೆರಿಕದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಕ್ಷಯದ ಬ್ಯಾಕ್ಟೀರಿಯಾದ ಮೇಲೆ ಪರಿಣಾಮ ಬೀರಿದ ಮೊದಲ ಆಂಟಿಬಯಾಟಿಕ್ ಇದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಇದನ್ನು ರೋಗಿಗಳ ಮೇಲೆ ಪರೀಕ್ಷಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿತು. ಆರು ತಿಂಗಳಲ್ಲಿ, ಬರಿಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರು. ಚುಚ್ಚುಮದ್ದು ಪಡೆದ 55 ಮಂದಿಯಲ್ಲಿ ಸತ್ತವರು ನಾಲ್ವರು ಮಾತ್ರ.

ಈ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. ಚೇತರಿಸಿಕೊಂಡಂತೆ ಕಂಡ ಅನೇಕರಲ್ಲಿ ರೋಗ ಮರುಕಳಿಸಿತು. ಕಫದಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಿಗೆ ಈಗ ಸ್ಟ್ರೆಪ್ಟೊಮೈಸಿನ್ ತಾಗುತ್ತಿರಲಿಲ್ಲ. ಕಾರಣ ಸರಳ. ರೋಗಿಯ ಶ್ವಾಸಕೋಶದಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಹುಟ್ಟಿನಿಂದಲೇ ಒಂದು ಔಷಧಿಯನ್ನು ತಡೆದುಕೊಳ್ಳುವಂತಹವು. ಒಂದೇ ಔಷಧಿ ಕೊಟ್ಟಾಗ ಉಳಿದವು ಸಾಯುತ್ತವೆ, ಇವು ಬೆಳೆಯುತ್ತವೆ. ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಕ್ಷಯರೋಗಿಗೆ ಇಂದಿಗೂ ಹಲವು ಔಷಧಿಗಳನ್ನು ಸೇರಿಸಿ ಕೊಡುವುದು ಇದಕ್ಕಾಗಿಯೇ.

ಮನೆಯಲ್ಲೇ ಚಿಕಿತ್ಸೆ

1952ರಲ್ಲಿ ಅಗ್ಗದ ಐಸೊನಿಯಾಜಿಡ್ ಮಾತ್ರೆ ಬಳಕೆಗೆ ಬಂದಿತು. ಮರುವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಆ ವೇಳೆಗೆ ದೇಶದ ಮುಂದಿದ್ದ ಪ್ರಶ್ನೆ, ಲಕ್ಷಾಂತರ ರೋಗಿಗಳಿಗೆ ಹಾಸಿಗೆ ಎಲ್ಲಿಂದ ತರುವುದು ಎಂಬುದು.

ಉತ್ತರ ಸಿಕ್ಕಿದ್ದು ಮದರಾಸಿನಲ್ಲಿ. ಅಲ್ಲಿ 1956ರಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಸಂಶೋಧನಾ ಕೇಂದ್ರ, ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂಗೆ ಸೇರಿಸಿ, ಇನ್ನು ಕೆಲವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಒಂದು ವರ್ಷ ಅದೇ ಮಾತ್ರೆಗಳನ್ನು ಕೊಟ್ಟಿತು. ಮನೆಯಲ್ಲಿದ್ದವರಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮಾನವಾಗಿ ಗುಣ ಹೊಂದಿದ್ದವು. ಸ್ಯಾನಟೋರಿಯಂಗಳ ಯುಗ ಮುಗಿಯತೊಡಗಿದ್ದು ಇಲ್ಲಿಂದ.

ಆದರೆ ಒಂದು ಷರತ್ತಿತ್ತು. ಮಾತ್ರೆ ತಪ್ಪಬಾರದು. ಅದಕ್ಕೆಂದೇ ಮದರಾಸಿನ ಸಿಬ್ಬಂದಿ ಮನೆಗಳಿಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸುತ್ತಿದ್ದರು. ಕೆಮ್ಮು ನಿಂತು, ಮೈಗೆ ಕಸುವು ಬಂದ ಮೇಲೆ ಮಾತ್ರೆ ಬಿಡುವುದು ಮನುಷ್ಯ ಸಹಜ. ಮುಂದೆ ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ಮಾತ್ರೆ ನುಂಗಿಸುವ ಕ್ರಮಕ್ಕೆ ಬೀಜ ಬಿದ್ದದ್ದು ಈ ಅನುಭವದಿಂದ. 1997ರಲ್ಲಿ ಭಾರತ ಇದನ್ನು ‘ಡಾಟ್ಸ್’ ಹೆಸರಿನಲ್ಲಿ ಜಾರಿಗೆ ತಂದಿತು. 2006ರ ಹೊತ್ತಿಗೆ ಅದು ಇಡೀ ದೇಶಕ್ಕೆ ವಿಸ್ತರಿಸಿತು.

ಬಳ್ಳಾರಿ ರಸ್ತೆಯ ಸಂಸ್ಥೆ

ಕರ್ನಾಟಕದ ಪಾಲೂ ಚಿಕ್ಕದಲ್ಲ. 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಈ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಪಟ್ಟಣದವರ ನಂಬಿಕೆ. ಅಧ್ಯಯನ ಕಂಡದ್ದೇ ಬೇರೆ. ಕ್ಷಯ ತಗುಲಿದವರಲ್ಲಿ ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಎಷ್ಟೋ ಸಲ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ! ಕಫ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲೂ ಸಿಗಬೇಕೆಂಬ ನೀತಿಗೆ ಇಂತಹ ಅಧ್ಯಯನಗಳು ಆಧಾರವಾದವು.

ಇಂದಿನ ಚಿಕಿತ್ಸೆ, ಇಂದಿನ ಅಪಾಯ

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ನಂತರದ ನಾಲ್ಕು ತಿಂಗಳು ಮೂರು. ಪ್ರತಿದಿನ, ರೋಗಿಯ ತೂಕಕ್ಕೆ ತಕ್ಕಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ. ಇವುಗಳಲ್ಲಿ ಮುಖ್ಯವಾದ ಆಂಟಿಬಯಾಟಿಕ್ ರಿಫಾಂಪಿಸಿನ್. ಇದನ್ನು ತೆಗೆದುಕೊಂಡರೆ ಮೂತ್ರ, ಬೆವರು, ಕಣ್ಣೀರು ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ರಕ್ತವೆಂದು ಹೆದರಿ ಮಾತ್ರೆ ಬಿಡುವವರುಂಟು. ಅದು ಔಷಧಿಯ ಬಣ್ಣವಷ್ಟೆ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಯಕೃತ್ತಿಗೆ ತೊಂದರೆಯಾಗಿರಬಹುದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಈ ಅವಧಿಯಲ್ಲಿ ಮದ್ಯಪಾನ ಸಲ್ಲದು. ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ರಿಫಾಂಪಿಸಿನ್ ಕುಗ್ಗಿಸುತ್ತದೆ. ಬೇರೆ ಯಾವ ಮಾತ್ರೆ ನುಂಗುತ್ತಿದ್ದರೂ ವೈದ್ಯರಿಗೆ ಮೊದಲೇ ತಿಳಿಸುವುದು ಒಳಿತು.

ರಿಫಾಂಪಿಸಿನ್, ಐಸೊನಿಯಾಜಿಡ್ ಎರಡಕ್ಕೂ ಬಗ್ಗದ ಕ್ಷಯವನ್ನು ಬಹುಔಷಧ ನಿರೋಧಕ ಕ್ಷಯ ಎನ್ನುತ್ತಾರೆ. ಅದರ ಚಿಕಿತ್ಸೆ ಹೆಚ್ಚು ಕಠಿಣ, ಹೆಚ್ಚು ದುಬಾರಿ. ರೋಗಿ ಕೆಮ್ಮಿದಾಗ ಮನೆಯ ಮಕ್ಕಳಿಗೆ ಹರಡುವುದೂ ಅದೇ ಬಗ್ಗದ ಬ್ಯಾಕ್ಟೀರಿಯಾ.

ಬಳ್ಳಾರಿ ಸೀಮೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಗಣಿ, ಕಲ್ಲುಕ್ವಾರಿಗಳ ಸಿಲಿಕಾ ಧೂಳು ಶ್ವಾಸಕೋಶವನ್ನು ಹಾಳುಗೆಡವಿ ಕ್ಷಯಕ್ಕೆ ದಾರಿ ಮಾಡುತ್ತದೆ. ಮಳೆ ಕೈಕೊಟ್ಟ ವರ್ಷ ಕೂಲಿಕಾರರು ಗುಳೆ ಹೋಗುತ್ತಾರೆ. ಮಾತ್ರೆಯ ಚೀಟಿ ಊರಿನಲ್ಲೇ ಉಳಿಯುತ್ತದೆ. ಹೊರಡುವ ಮುನ್ನ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ತಿಳಿಸಿದರೆ ಹೋದ ಊರಿನಲ್ಲಿ ಚಿಕಿತ್ಸೆ ಮುಂದುವರಿಸಲು ಅವಕಾಶವಿದೆ. ಇದು ಅನೇಕರಿಗೆ ಗೊತ್ತಿಲ್ಲ.

ಉಳಿದ ಆಂಟಿಬಯಾಟಿಕ್‌ಗಳ ಕಥೆಯೂ ಬೇರೆಯಲ್ಲ. ಶೀತ, ಫ್ಲೂ ಬರುವುದು ವೈರಸ್‌ನಿಂದ; ಅದಕ್ಕೆ ಆಂಟಿಬಯಾಟಿಕ್ ನಾಟುವುದಿಲ್ಲ. ಆದರೂ ಅಂಗಡಿಯಲ್ಲಿ ಎರಡು ಮಾತ್ರೆ ಕೇಳಿ ಪಡೆಯುವುದು, ಪಕ್ಕದ ಮನೆಯವರಿಗೆ ಬರೆದುಕೊಟ್ಟದ್ದನ್ನು ನುಂಗುವುದು ನಿಂತಿಲ್ಲ. ಕ್ಷಯದ ಔಷಧಿಗಳೂ ಕೆಲವು ಪ್ರಬಲ ಆಂಟಿಬಯಾಟಿಕ್‌ಗಳೂ 2014ರಿಂದ ‘ಎಚ್1’ ಪಟ್ಟಿಯಲ್ಲಿವೆ. ಇವುಗಳನ್ನು ಮಾರುವ ಅಂಗಡಿಯವರು ವೈದ್ಯರ ಚೀಟಿ ನೋಡಿ, ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ, ಅದನ್ನು ಮೂರು ವರ್ಷ ಕಾಪಾಡಬೇಕು. ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆ, ಚೀಟಿಯಿಲ್ಲದೆ ಕೊಳ್ಳಬೇಡಿ ಎಂಬುದರ ಗುರುತು. ಎಷ್ಟು ದಿನ ಎಂಬುದು ರೋಗದಿಂದ ರೋಗಕ್ಕೆ ಬೇರೆ. ಕೆಲವಕ್ಕೆ ಮೂರು ದಿನ ಸಾಕು, ಕ್ಷಯಕ್ಕೆ ಆರು ತಿಂಗಳು ಬೇಕು. ಅದನ್ನು ವೈದ್ಯರು ಹೇಳಬೇಕೇ ಹೊರತು ಜ್ವರ ಇಳಿದ ಸಮಾಧಾನವಲ್ಲ.

ಎರಡು ವಾರ ದಾಟಿದ ಕೆಮ್ಮು ಕ್ಷಯವಿರಬಹುದು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮದ್ದಿಲ್ಲದ ಕಾಲದಲ್ಲಿ ಸತ್ತವರಿಗೆ ಈ ಅವಕಾಶವಿರಲಿಲ್ಲ, ನಮಗಿದೆ.