ಜಾವಾ ಎಂಜಿನ್ನಿನ ಕೆಳಭಾಗ: ರಚನೆ ಮತ್ತು ಮರುಜೋಡಣೆ

ಮೋಟಾರ್ ಸೈಕಲ್ ಎಂಜಿನ್ನಿನಲ್ಲಿ ಸಿಲಿಂಡರ್ ಬ್ಲಾಕಿನ ಕೆಳಗಿರುವ ಭಾಗಕ್ಕೆ ಬಾಟಮ್ ಎಂಡ್ ಎಂಬ ಹೆಸರಿದೆ. ಕ್ರ್ಯಾಂಕ್, ಅದನ್ನು ಹೊರುವ ಬೇರಿಂಗುಗಳು, ಕನೆಕ್ಟಿಂಗ್ ರಾಡಿನ ಕೆಳತುದಿ ಮತ್ತು ಇವನ್ನೆಲ್ಲ ಒಳಗೊಂಡ ಅಲ್ಯೂಮಿನಿಯಂ ಕವಚ ಇದರ ಮುಖ್ಯ ಅಂಗಗಳು. ಪಿಸ್ಟನ್ನಿನ ಮೇಲೆ ಕೆಳಗಿನ ಚಲನೆ ಚಕ್ರವನ್ನು ತಿರುಗಿಸುವ ಚಲನೆಯಾಗಿ ಮಾರ್ಪಡುವುದು ಇಲ್ಲಿಯೇ.

ರಿಂಗ್ ಬದಲಿಸುವುದು, ಬ್ಲಾಕಿಗೆ ಬೋರ್ ಮಾಡಿಸುವುದು ಮೇಲುಭಾಗದ ಕೆಲಸಗಳು. ಕೆಳಭಾಗ ಸವೆದರೆ ಮಾತ್ರ ಎಂಜಿನ್ನನ್ನು ಚಾಸಿಯಿಂದ ಇಳಿಸಿ, ಕವಚವನ್ನು ಎರಡು ಹೋಳಾಗಿ ಬಿಡಿಸಬೇಕಾಗುತ್ತದೆ. ಬಿಡಿಸುವುದು ಅಷ್ಟೇನೂ ಕಷ್ಟವಲ್ಲ. ಮತ್ತೆ ಜೋಡಿಸುವುದರಲ್ಲೇ ಕುಶಲತೆ ಅಡಗಿದೆ. ಇದನ್ನು ವಿವರಿಸಲು ಮೈಸೂರಿನ ಜಾವಾ ಸೂಕ್ತ ಉದಾಹರಣೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ತಂತ್ರಜ್ಞಾನದ ನೆರವಿನಿಂದ 1961ರಲ್ಲಿ ಉತ್ಪಾದನೆ ಆರಂಭಿಸಿತು. 1973ರಿಂದ ಅದೇ ವಂಶದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಪಂಪಿನ ಕೆಲಸ ಮಾಡುವ ಕೋಣೆ

ಜಾವಾ 250 ಏಕ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಇರುವ ಕೋಣೆಗೂ ಇಂಧನಕ್ಕೂ ಸಂಬಂಧವಿಲ್ಲ. ಟೂ ಸ್ಟ್ರೋಕಿನಲ್ಲಿ ಹಾಗಲ್ಲ. ಪಿಸ್ಟನ್ ಮೇಲೇರುವಾಗ ಕೆಳಗಿನ ಕೋಣೆಯ ಒತ್ತಡ ಕುಸಿದು, ಕಾರ್ಬ್ಯುರೇಟರಿನಿಂದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಅದರೊಳಗೆ ನುಗ್ಗುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಲ್ಪಟ್ಟು, ಪಕ್ಕದ ದಾರಿಗಳ ಮೂಲಕ ಸಿಲಿಂಡರಿಗೆ ಏರುತ್ತದೆ. ಅಂದರೆ ಕ್ರ್ಯಾಂಕಿನ ಕೋಣೆ ಕ್ರ್ಯಾಂಕನ್ನು ಹಿಡಿದಿಡುವ ಪೆಟ್ಟಿಗೆಯಷ್ಟೇ ಅಲ್ಲ, ಎಂಜಿನ್ನಿನ ಪಂಪು ಕೂಡ ಹೌದು.

ಮರುಜೋಡಣೆಯ ನಿಯಮಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತವೆ. ಕ್ರ್ಯಾಂಕ್ ನೇರವಾಗಿ ತಿರುಗಬೇಕು, ಕೋಣೆ ಗಾಳಿ ಸೋರದಂತೆ ಮುಚ್ಚಿರಬೇಕು. ಮೊದಲನೆಯದನ್ನು ಎಲ್ಲರೂ ಗಮನಿಸುತ್ತಾರೆ. ಎರಡನೆಯದನ್ನು ಕಡೆಗಣಿಸಿದ್ದರಿಂದ ಹಾಳಾದ ಪಿಸ್ಟನ್ನುಗಳಿಗೆ ಲೆಕ್ಕವಿಲ್ಲ.

ಕ್ರ್ಯಾಂಕಿನ ರಚನೆ

ಜಾವಾದ ಕ್ರ್ಯಾಂಕ್ ಒಂದೇ ಲೋಹದ ತುಂಡಲ್ಲ. ಎರಡು ಭಾರವಾದ ಉಕ್ಕಿನ ಬಿಲ್ಲೆಗಳು, ಅವುಗಳಿಂದ ಹೊರಚಾಚಿದ ಎರಡು ದಂಡಗಳು, ಬಿಲ್ಲೆಗಳನ್ನು ಬೆಸೆಯುವ ಕ್ರ್ಯಾಂಕ್ ಪಿನ್ ಸೇರಿ ಅದು ರೂಪುಗೊಂಡಿದೆ. ಪಿನ್ನನ್ನು ಹಿಡಿದಿರುವುದು ಬೋಲ್ಟೂ ಅಲ್ಲ, ಬೆಸುಗೆಯೂ ಅಲ್ಲ. ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪವಾದ ಪಿನ್ನನ್ನು ಹೈಡ್ರಾಲಿಕ್ ಪ್ರೆಸ್ಸಿನಿಂದ ಒತ್ತಿ ಕೂರಿಸಲಾಗುತ್ತದೆ, ಬಿಗಿತವೇ ಬಂಧ.

ಪಿನ್ನಿನ ಸುತ್ತ ಕನೆಕ್ಟಿಂಗ್ ರಾಡಿನ ಕೆಳಕಣ್ಣು ರೋಲರ್ ಬೇರಿಂಗಿನ ಮೇಲೆ ತಿರುಗುತ್ತದೆ. ಪೆಟ್ರೋಲಿನಲ್ಲಿ ಕಲಸಿದ ಎಣ್ಣೆಯ ಹೊರತು ಈ ಬೇರಿಂಗಿಗೆ ಬೇರೆ ಎಣ್ಣೆ ಸಿಗುವುದಿಲ್ಲ. ಆದ್ದರಿಂದ ಮೊದಲು ಸವೆಯುವುದೂ ಇದೇ. ಪರೀಕ್ಷೆ ಸರಳ: ರಾಡನ್ನು ಹಿಡಿದು ಅಕ್ಕಪಕ್ಕಕ್ಕೆ ಆಡಿಸಿದಾಗ ಸ್ವಲ್ಪ ಸಡಿಲವಿರಬೇಕು, ಏಕೆಂದರೆ ಎಣ್ಣೆ ಒಳಹೋಗಲು ಆ ಸಂದು ಬೇಕು. ನೇರವಾಗಿ ಮೇಲಕ್ಕೂ ಕೆಳಕ್ಕೂ ಎಳೆದಾಗ ಮಾತ್ರ ಕಿಂಚಿತ್ತೂ ಆಡಬಾರದು. ಆಡಿದರೆ ಪಿನ್, ರೋಲರ್ ಮತ್ತು ರಾಡ್ ಮೂರೂ ಇರುವ ಹೊಸ ಕಿಟ್ ಹಾಕುವುದೇ ಸರಿಯಾದ ದಾರಿ. ಹಳೆಯ ರಾಡಿಗೆ ಹೊಸ ರೋಲರ್ ಹಾಕಿ ಓಡಿಸುವುದು ಹಣ ಉಳಿಸಿದಂತೆ ಕಂಡರೂ ಉಳಿತಾಯವಲ್ಲ.

ಕ್ರ್ಯಾಂಕನ್ನು ನೇರಗೊಳಿಸುವುದು

ಪ್ರೆಸ್ಸಿನಿಂದ ಹೊರಬಂದ ಕ್ರ್ಯಾಂಕ್ ತಾನಾಗಿಯೇ ನೇರವಾಗಿರುವುದಿಲ್ಲ. ಎರಡು ಬದಿಯ ದಂಡಗಳು ಒಂದೇ ಅಕ್ಷದಲ್ಲಿ ತಿರುಗುವಂತೆ ಮಾಡುವುದು ಇಡೀ ಕೆಲಸದ ಅತ್ಯಂತ ಸೂಕ್ಷ್ಮ ಘಟ್ಟ. ಕ್ರ್ಯಾಂಕನ್ನು ಲೇತಿನ ಎರಡು ಮೊನೆಗಳ ನಡುವೆ ನಿಲ್ಲಿಸಿ, ಪ್ರತಿ ದಂಡದ ಮೇಲೆ ಒಂದೊಂದು ಡಯಲ್ ಗೇಜ್ ಇರಿಸಿ, ನಿಧಾನವಾಗಿ ಕೈಯಿಂದ ತಿರುಗಿಸಲಾಗುತ್ತದೆ. ಗೇಜಿನ ಮುಳ್ಳಿನ ಓಲಾಟ 0.03 ಮಿ.ಮೀ.ಗಿಂತ ಹೆಚ್ಚಿದ್ದರೆ ಎಚ್ಚರಿಕೆಯುಳ್ಳ ಮೆಕ್ಯಾನಿಕ್ ಅದನ್ನು ಒಪ್ಪುವುದಿಲ್ಲ.

ಓಲಾಟಕ್ಕೆ ಎರಡು ಕಾರಣಗಳಿರುತ್ತವೆ, ಮುಳ್ಳಿನ ನಡೆಯೇ ಅವನ್ನು ಬೇರ್ಪಡಿಸಿ ತೋರಿಸುತ್ತದೆ. ಪಿನ್ನಿಗೆ 90 ಡಿಗ್ರಿ ದೂರದಲ್ಲಿ ಒಂದು ಗೇಜು ಏರುತ್ತ ಇನ್ನೊಂದು ಇಳಿಯುತ್ತಿದ್ದರೆ, ಒಂದು ಬಿಲ್ಲೆ ಪಿನ್ನಿನ ಸುತ್ತ ತುಸು ಹೊರಳಿದೆ ಎಂದರ್ಥ. ಆಗ ಒಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ಇನ್ನೊಂದರ ಉಬ್ಬಿದ ಅಂಚಿಗೆ ತಾಮ್ರದ ಸುತ್ತಿಗೆಯಿಂದ ಒಂದೇ ಏಟು ಕೊಡುತ್ತಾರೆ. ಪಿನ್ನಿನ ಬಳಿ ಅಥವಾ ಅದರ ಎದುರು ಬದಿಯಲ್ಲಿ ಎರಡೂ ಗೇಜುಗಳು ಒಟ್ಟಿಗೆ ಏರಿದರೆ ಬಿಲ್ಲೆಗಳು ಪರಸ್ಪರ ಸಮಾನಾಂತರವಾಗಿಲ್ಲ. ಪಿನ್ನಿನ ಎದುರು ಬದಿ ಮುಚ್ಚಿಕೊಂಡಿದ್ದರೆ ಅಲ್ಲಿ ಬೆಣೆ ಹೊಡೆದು ಅಗಲಿಸಬೇಕು, ತೆರೆದುಕೊಂಡಿದ್ದರೆ ವೈಸಿನಲ್ಲಿ ಹಿಡಿದು ಒತ್ತಬೇಕು. ಏಟು, ಅಳತೆ, ಮತ್ತೆ ಏಟು. ಅನುಭವಿಗಳು ಇದನ್ನು ಕೆಲವೇ ಏಟುಗಳಲ್ಲಿ ಮುಗಿಸುತ್ತಾರೆ. ಹೊಸಬರು ಇದನ್ನು ಲೇತ್ ಅಂಗಡಿಗೆ ಬಿಡುವುದು ಲೇಸು.

ಬಿಸಿ ಕವಚ, ತಣ್ಣನೆಯ ಬೇರಿಂಗ್

ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಹಿಗ್ಗುತ್ತದೆ. ಕವಚದಲ್ಲಿನ 60 ಮಿ.ಮೀ. ವ್ಯಾಸದ ರಂಧ್ರದ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು 0.11 ಮಿ.ಮೀ.ನಷ್ಟು ಅಗಲವಾಗುತ್ತದೆ. ಬೇರಿಂಗ್ ಕೂರಲು ಇಷ್ಟು ಧಾರಾಳವಾಗಿ ಸಾಕು. ಕವಚವನ್ನು ಓವನ್ನಿನಲ್ಲೋ ವಿದ್ಯುತ್ ಒಲೆಯ ಮೇಲೋ ಸಮನಾಗಿ ಬಿಸಿ ಮಾಡಿ, ಫ್ರಿಜ್ಜಿನಲ್ಲಿ ತಣ್ಣಗಾದ ಬೇರಿಂಗನ್ನು ಸರಿಯಾಗಿ ಇಳಿಬಿಟ್ಟರೆ ಅದು ಠಕ್ಕೆಂದು ತಳ ಸೇರುತ್ತದೆ. ಒಂದೇ ಕಡೆ ಬೆಂಕಿಯ ಜ್ವಾಲೆ ಹಿಡಿದರೆ ಕವಚ ಸೊಟ್ಟಗಾಗಬಹುದು. ತಣ್ಣನೆಯ ಕವಚಕ್ಕೆ ಬೇರಿಂಗನ್ನು ಬಡಿದು ಸೇರಿಸಿದರೆ ರಂಧ್ರದ ಗೋಡೆ ಕೆರೆದು, ಮುಂದೆ ಯಾವ ಬೇರಿಂಗೂ ಅಲ್ಲಿ ಬಿಗಿಯಾಗಿ ಕೂರದು.

ಎರಡು ಹೋಳುಗಳ ಜೋಡಣೆ

ಜಾವಾದಲ್ಲಿ ಕ್ರ್ಯಾಂಕ್ ಮತ್ತು ಗೇರ್ ಪೆಟ್ಟಿಗೆ ಒಂದೇ ಕವಚದೊಳಗಿವೆ. ಕವಚ ನಡುವೆ ಲಂಬವಾಗಿ ಸೀಳಿಕೊಂಡು ಎಡ ಬಲ ಹೋಳುಗಳಾಗುತ್ತದೆ. ಆದ್ದರಿಂದ ಮುಚ್ಚುವ ಮೊದಲು ನಾಲ್ಕು ಗೇರುಗಳು, ಅವನ್ನು ಸರಿಸುವ ಫೋರ್ಕುಗಳು, ವಾಷರುಗಳು ಎಲ್ಲವೂ ತಮ್ಮ ಜಾಗದಲ್ಲಿರಬೇಕು. ಗೇರ್ ಹಾಕುವುದಕ್ಕೂ ಕಿಕ್ ಹೊಡೆಯುವುದಕ್ಕೂ ಒಂದೇ ಲಿವರ್ ಇರುವುದು ಈ ಗಾಡಿಯ ಪ್ರಸಿದ್ಧ ವಿಶೇಷ. ಒಳಗಿನ ದಂಡವೊಂದು ಇನ್ನೊಂದರ ಒಳಗೆ ಕೂತಿರುವುದರಿಂದ ಜೋಡಣೆಯ ಕ್ರಮ ತಪ್ಪುವಂತಿಲ್ಲ. ಮರೆತ ಒಂದು ವಾಷರ್ ಪತ್ತೆಯಾಗುವುದು ಸಾಮಾನ್ಯವಾಗಿ ಎಂಜಿನ್ ಚಾಸಿಗೆ ಏರಿದ ಮೇಲೆ.

ಎಡ ಬಲ ಹೋಳುಗಳನ್ನು ಜೊತೆಯಾಗಿ ಕೊರೆಯಲಾಗಿರುತ್ತದೆ. ಗುಜರಿಯಲ್ಲಿ ಸಿಕ್ಕ ಬೇರೊಂದು ಎಂಜಿನ್ನಿನ ಹೋಳನ್ನು ಇದಕ್ಕೆ ಸೇರಿಸಿದರೆ ಬೇರಿಂಗುಗಳ ಅಕ್ಷ ಕೂಡುತ್ತದೆಂಬ ಭರವಸೆಯಿಲ್ಲ.

ಸಂದಿನ ಮುಖಕ್ಕೆ ಅನಾಬಾಂಡಿನಂತಹ ಅಂಟನ್ನು ತೆಳುವಾಗಿ ಬಳಿಯಲಾಗುತ್ತದೆ. ಹೆಚ್ಚು ಬಳಿದರೆ ಅದು ಒಳಗೆ ಒಸರಿ ಬೇರಿಂಗಿನ ಎಣ್ಣೆಯ ದಾರಿಯನ್ನು ಮುಚ್ಚುವ ಅಪಾಯವಿದೆ. ಹೋಳುಗಳು ಕೂಡದಿದ್ದಾಗ ಕ್ರ್ಯಾಂಕಿನ ತುದಿಗೆ ಸುತ್ತಿಗೆ ಹಾಕುವುದು ಅತಿ ಸಾಮಾನ್ಯ ತಪ್ಪು. ಲೇತಿನಲ್ಲಿ ಅಷ್ಟು ಶ್ರಮದಿಂದ ಸಾಧಿಸಿದ ನೇರ ಆ ಒಂದೇ ಏಟಿಗೆ ಹೋಗುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯುತ್ತ, ಪ್ರತಿ ಹಂತದಲ್ಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಳಿಕ ಬ್ಲಾಕ್ ಕೂರುವ ಜಾಗದ ಮೇಲೆ ಉಗುರು ಎಳೆದು ನೋಡಬೇಕು: ಎರಡು ಹೋಳುಗಳ ನಡುವೆ ಮೆಟ್ಟಿಲು ಸಿಕ್ಕಿದರೆ ಗಾಳಿ ಸೋರುವುದು ಅಲ್ಲಿಂದಲೇ.

ಆಯಿಲ್ ಸೀಲುಗಳು

ಕ್ರ್ಯಾಂಕಿನ ಎರಡೂ ಬದಿಗಳಲ್ಲಿ ರಬ್ಬರಿನ ತುಟಿಯುಳ್ಳ ಸೀಲುಗಳಿವೆ. ಎಡಬದಿಯಲ್ಲಿ ಕ್ಲಚ್ ಮತ್ತು ಪ್ರೈಮರಿ ಚೈನು ಎಣ್ಣೆಯಲ್ಲಿ ಓಡುತ್ತವೆ. ಆ ಬದಿಯ ಸೀಲು ಹಾಳಾದರೆ ಎಣ್ಣೆ ಒಳಗೆ ಎಳೆಯಲ್ಪಟ್ಟು, ಸೈಲೆನ್ಸರುಗಳಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತದೆ. ಬಲಬದಿಯಲ್ಲಿ ಇರುವುದು ಡೈನಮೊ. ಅಲ್ಲಿನ ಸೀಲು ಸೋತರೆ ಹೊಗೆ ಕಾಣದು. ಬದಲಾಗಿ ಹೊರಗಿನ ಗಾಳಿ ನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯುವುದಿಲ್ಲ, ಶಾಖ ಏರುತ್ತದೆ, ಕೊನೆಗೆ ಪಿಸ್ಟನ್ ಸೀಜ್ ಆಗುತ್ತದೆ. ಹೊಗೆಯಾಡುವ ಎಂಜಿನ್ನಿಗಿಂತ ಇದು ಹೆಚ್ಚು ಅಪಾಯಕಾರಿ. ಆದ್ದರಿಂದ ಹಳೆಯ ಸೀಲು ಎಷ್ಟೇ ಚೆನ್ನಾಗಿ ಕಂಡರೂ ಕವಚ ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು, ತುಟಿಗೆ ಎಣ್ಣೆ ಸವರಿಯೇ ದಂಡದ ಮೇಲೆ ಸರಿಸಬೇಕು.

ಸೋರಿಕೆಯನ್ನು ಎಂಜಿನ್ ಚಾಲೂ ಮಾಡುವ ಮೊದಲೇ ಪತ್ತೆ ಹಚ್ಚಬಹುದು. ಬ್ಲಾಕ್ ಕೂರಿಸಿ, ಕಾರ್ಬ್ಯುರೇಟರ್ ಮತ್ತು ಸೈಲೆನ್ಸರಿನ ಬಾಯಿಗಳನ್ನು ಮುಚ್ಚಿ, ಚದರ ಇಂಚಿಗೆ 5ರಿಂದ 6 ಪೌಂಡ್ ಒತ್ತಡದ ಗಾಳಿ ತುಂಬಿ ಕೆಲವು ನಿಮಿಷ ಬಿಡಲಾಗುತ್ತದೆ. ಗೇಜಿನ ಮುಳ್ಳು ಇಳಿದರೆ ಸಂದುಗಳಿಗೆ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಏಳುವ ಜಾಗವೇ ದೋಷದ ಜಾಗ.

ಇಂದಿನ ಬಳಕೆ

2018ರಲ್ಲಿ ಜಾವಾ ಹೆಸರು ಮಾರುಕಟ್ಟೆಗೆ ಮರಳಿದರೂ ಹೊಸ ಗಾಡಿಗಳದು ಫೋರ್ ಸ್ಟ್ರೋಕ್ ಎಂಜಿನ್. ಮೇಲಿನ ಕ್ರಮ ಅವಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಯಾದವಗಿರಿಯಲ್ಲಿ ತಯಾರಾದ ಹಳೆಯ ಗಾಡಿಗಳಿಗೆ, ಹಾಗೆಯೇ ಅದೇ ತತ್ವದ ಇತರ ಟೂ ಸ್ಟ್ರೋಕ್ ವಾಹನಗಳಿಗೆ ಇದು ಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಬೆರೆಸುವ ಎಥನಾಲ್ ತೇವವನ್ನು ಹೀರುವ ಗುಣವುಳ್ಳದ್ದು. ಓಡಿಸುವುದಕ್ಕಿಂತ ನಿಲ್ಲಿಸುವುದೇ ಹೆಚ್ಚಾದ ಗಾಡಿಯಲ್ಲಿ ಕ್ರ್ಯಾಂಕಿನ ಬೇರಿಂಗುಗಳಿಗೆ ತುಕ್ಕು ಹಿಡಿಯುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಮುಗಿಯುವವರೆಗೆ ಓಡಿಸಿ, ಪ್ಲಗ್ಗಿನ ರಂಧ್ರದಿಂದ ಸ್ವಲ್ಪ 2ಟಿ (ಟೂ ಸ್ಟ್ರೋಕ್) ಎಣ್ಣೆ ಹನಿಸಿ, ಕಿಕ್ಕಿನಿಂದ ಕೆಲವು ಸುತ್ತು ತಿರುಗಿಸಿಡುವುದು ಮೆಕ್ಯಾನಿಕ್ಕುಗಳ ರೂಢಿ.