ಫರೋಸ್ ದೀಪಸ್ತಂಭದ ದೊರೆ ಮತ್ತು ಬ್ರಹ್ಮಗಿರಿಯ ಲಿಪಿಕಾರ: ಒಂದು ಮರುಪರಿಶೀಲನೆ

ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರಿನ ಫರೋಸ್ ದ್ವೀಪದಲ್ಲಿ ಕ್ರಿ.ಪೂ. 280ರ ಸುಮಾರಿಗೆ ದೀಪಸ್ತಂಭವೊಂದು ಎದ್ದು ನಿಂತಿತು. ಬುಡ ಚೌಕ, ನಡು ಎಂಟು ಮೂಲೆ, ತುದಿ ದುಂಡು; ಎತ್ತರ ನೂರು ಮೀಟರ್ ಮೀರಿತ್ತೆಂದು ಅಂದಾಜು. ಇದನ್ನು ಪೂರ್ತಿಗೊಳಿಸಿದ ಎರಡನೆಯ ಟಾಲೆಮಿಯೇ ಅಶೋಕನ ಹದಿಮೂರನೆಯ ಶಿಲಾಶಾಸನದ ‘ತುರಮಾಯ’ ಎಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಇಷ್ಟನ್ನೇ ಹಿಡಿದು, ಅಶೋಕನ ಶಾಸನಗಳಿರುವ ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯನ್ನು ಆ ಕಡಲತೀರಕ್ಕೆ ಜೋಡಿಸುವ ಆಸೆ ಸಹಜ. ಆದರೆ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಂಗಿ ರಾಮೇಶ್ವರದ ಶಾಸನಗಳು ಲಘು ಶಿಲಾಶಾಸನಗಳು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಈ ಸೀಮೆಯ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಈ ಆದೇಶದಲ್ಲಿ ತಾಯಿತಂದೆಯರ ಸೇವೆ, ಪ್ರಾಣಿದಯೆ, ಸತ್ಯದ ಮಾತಿದೆ. ಯವನ (ಗ್ರೀಕ್) ರಾಜರ ಸುದ್ದಿಯೇ ಇಲ್ಲ. ಅದಕ್ಕೆ ಹದಿಮೂರನೆಯ ಶಾಸನವಿರುವ ಕರ್ನೂಲು ಸೀಮೆಯ ಎರ್ರಗುಡಿಯ ಬಂಡೆಗಳಿಗೇ ಹೋಗಬೇಕು.

ಮಡಕೆಗಳ ಸಾಕ್ಷ್ಯವೂ ಅಷ್ಟು ಗಟ್ಟಿಯಲ್ಲ. 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಅರಿಕಮೇಡಿನಲ್ಲಿ ರೋಮನ್ ಸರಕಿನ ಜೊತೆ ಸಿಕ್ಕಿದ್ದ ರೂಲೆಟ್ ಗೀರಿನ ಪಾತ್ರೆಗಳನ್ನೇ ಆಧಾರವಾಗಿಟ್ಟುಕೊಂಡು ಇಲ್ಲಿನ ಮೇಲಿನ ಪದರಕ್ಕೆ ಕಾಲ ನಿರ್ಣಯಿಸಿದರು. ಆ ಪಾತ್ರೆಗಳು ಉಪಖಂಡದ ಮಣ್ಣಿನವೇ ಎಂದು ಮುಂದಿನ ಪರೀಕ್ಷೆಗಳು ತೋರಿಸಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ನಿಜವಾಗಿಯೂ ಹೊರಗಿನದು. ಆದರೆ ಅದು ಅಶೋಕನಿಗಿಂತ ಸುಮಾರು ಮುನ್ನೂರು ವರ್ಷ ಈಚಿನದು.

ನನ್ನ ಮಟ್ಟಿಗೆ ಹೆಚ್ಚು ತೂಕದ ಸಾಕ್ಷ್ಯ ಬ್ರಹ್ಮಗಿರಿ ಶಾಸನದ ಕೊನೆಯ ಸಾಲಿನಲ್ಲಿದೆ. ಬರೆದವನು ಚಪಡ. ಬ್ರಾಹ್ಮಿಯಲ್ಲಿ ಆದೇಶವನ್ನೂ ತನ್ನ ಹೆಸರನ್ನೂ ಬರೆದ ಆತ, ತಾನು ಲಿಪಿಕಾರ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿಸಿದ್ದಾನೆ. ಇಸಿಲದಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದರೋ! ಗಾಂಧಾರದ ಶಹಬಾಜಗಢಿಯ ಬಂಡೆಯಲ್ಲಿ ತುರಮಾಯನ ಹೆಸರಿರುವುದೂ ಇದೇ ಲಿಪಿಯಲ್ಲಿ. ಚಪಡ ವಾಯವ್ಯದವನೇ ಆಗಿರಬೇಕಿಲ್ಲ, ಅಲ್ಲಿನ ಬರವಣಿಗೆಯ ಶಿಕ್ಷಣ ಪಡೆದಿದ್ದರೂ ಸಾಕು. ಅದೇ ಮೌರ್ಯ ಆಡಳಿತ ಕಂದಹಾರದಲ್ಲಿ ಗ್ರೀಕಿನಲ್ಲೂ ಅರಾಮಿಕ್‌ನಲ್ಲೂ ಶಾಸನ ಹಾಕಿಸಿತ್ತು. ಅತ್ತ ಎರಡನೆಯ ಟಾಲೆಮಿಯೂ ಡಯೊನಿಸಿಯಸ್ ಎಂಬವನನ್ನು ಭಾರತಕ್ಕೆ ಕಳುಹಿಸಿದ್ದನೆಂದು ಪ್ಲಿನಿ ಬರೆದಿದ್ದಾನೆ. ಹೀಗಾಗಿ ಮೊಳಕಾಲ್ಮೂರಿಗೂ ಫರೋಸಿಗೂ ನಡುವಿನ ಕೊಂಡಿಯನ್ನು ಹುಡುಕಬೇಕಾದದ್ದು ಹಡಗಿನ ಸರಕಿನಲ್ಲಲ್ಲ, ಮೌರ್ಯರ ಕಚೇರಿಯ ಬರಹಗಾರರಲ್ಲಿ.